ಸುಕ್ಕು ಬೀಳದ ಫಿನಿಶಿಂಗ್ ಆದ ಕಾಟನ್ ಬಟ್ಟೆ ಹರಿಯುತ್ತಿರುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಫಿನಿಶಿಂಗ್ ವಿಭಾಗ

ಮಾನ್ಯರೇ,

ಶರ್ಟ್ ಹೊಲಿಯಲು ನಾವು ಕಳಿಸಿದ್ದ ಬಿಳಿ ಪಾಪ್ಲಿನ್ ನಿಮ್ಮಲ್ಲಿ ಫಿನಿಶಿಂಗ್ ಆಗಿ ಬಂದಿದೆ. ಒಗೆದು ಒಣಗಿಸಿದರೆ ಇಸ್ತ್ರಿಯೇ ಬೇಡ, ಅಷ್ಟು ನಯವಾಗಿದೆ. ಅದರಲ್ಲಿ ತಕರಾರಿಲ್ಲ. ಆದರೆ ಬಟ್ಟೆಯಲ್ಲಿ ಜೀವವೇ ಉಳಿದಿಲ್ಲ. ಕೆಲವೇ ಒಗೆತಕ್ಕೆ ಕಾಲರ್ ಮಡಿಕೆ, ಕಫ್ ಅಂಚು ಸವೆದು ಎಳೆ ಬಿಟ್ಟಿವೆ. ಅಂಚಿನಲ್ಲಿ ಚೂರು ಕತ್ತರಿಸಿ ಎಳೆದರೆ ಕಾಗದದ ಹಾಗೆ ಪರ್ರನೆ ಹರಿಯುತ್ತದೆ. ಫಿನಿಶಿಂಗ್ ಆಗದ ಅದೇ ಬಟ್ಟೆಯ ತುಂಡು ನಮ್ಮಲ್ಲಿದೆ, ಅದು ಹೀಗೆ ಹರಿಯುವುದಿಲ್ಲ.

ಡಿಎಂಡಿಎಚ್‌ಇಯು ಎಂಬ, ಸುಕ್ಕು ತಡೆಯುವ ರೆಸಿನ್ ಹಾಕಿದರೆ ಬಲ ಸ್ವಲ್ಪ ಕುಗ್ಗುತ್ತದೆ, ಒಪ್ಪುತ್ತೇವೆ. ಹತ್ತಿಯ ಸೆಲ್ಯುಲೋಸ್ ಅಣುಗಳ ಸರಪಳಿಗಳ ನಡುವೆ ಕೊಂಡಿ ಬಿದ್ದರೇನೇ ಸುಕ್ಕು ತಾನಾಗಿ ಬಿಡಿಸಿಕೊಳ್ಳುವುದು. ಅದೇ ಕೊಂಡಿಯಿಂದ ಎಳೆ ಬಿರುಸೂ ಆಗುತ್ತದೆ. ಆದರೆ ಇಷ್ಟೊಂದಾ? ಕೊಂಡಿ ಬೇಗ ಬೀಳಲೆಂದು ಹಾಕುವ ಮೆಗ್ನೀಸಿಯಂ ಕ್ಲೋರೈಡ್ ಜಾಸ್ತಿಯಾಗಿ, ಕ್ಯೂರಿಂಗ್ (ರೆಸಿನ್ ಕೂರಲು ಬಟ್ಟೆ ಕಾಯಿಸುವುದು) ಶಾಖವೂ ಮೀರಿದರೆ ಆಮ್ಲದ ಹೊಡೆತಕ್ಕೆ ಸರಪಳಿಯೇ ತುಂಡಾಗುತ್ತದೆ. ಇದನ್ನು ಪತ್ತೆ ಮಾಡುವುದು ಕಷ್ಟವಲ್ಲ. ಒಂದು ತುಂಡಿನಿಂದ ರೆಸಿನ್ ತೆಗೆದು ಮತ್ತೆ ಬಲ ಅಳೆಯಿರಿ. ಬಲ ಬಹುಪಾಲು ಮರಳಿದರೆ ರೆಸಿನ್ ಹೆಚ್ಚಾಗಿತ್ತು ಅಂತ. ಮರಳದಿದ್ದರೆ ಹತ್ತಿಯೇ ಹಾಳಾಗಿದೆ, ಅದನ್ನು ಯಾರೂ ಸರಿ ಮಾಡಲಾರರು.

ಇನ್ನು ವಾಸನೆ. ಬಂಡಲ್ ಬಿಚ್ಚಿದರೆ ಮೂಗಿಗೆ ಘಾಟು ಹೊಡೆಯುತ್ತದೆ, ಕಣ್ಣು ಉರಿಯುತ್ತದೆ. ಒಂದು ಸಲ ಒಗೆದರೆ ಹೋಗುತ್ತದೆ ಎಂದು ನಿಮ್ಮವರು ಫೋನಿನಲ್ಲಿ ಹೇಳಿದರು. ಒಗೆಯುವ ಮೊದಲೇ ಈ ಬಟ್ಟೆಯನ್ನು ಕತ್ತರಿಸಿ ಹೊಲಿಯುವವರು ಮನುಷ್ಯರೇ ಅಲ್ವಾ? ಈ ಘಾಟು ರೆಸಿನ್ ಬಿಡುವ ಫಾರ್ಮಾಲ್ಡಿಹೈಡ್ ಅನಿಲದ್ದು. ಅದು ಕ್ಯಾನ್ಸರ್‌ಕಾರಕ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಹೇಳಿದೆ. ಮೈಗೆ ತಾಗುವ ಬಟ್ಟೆಯಲ್ಲಿ ಅದಕ್ಕೆ ಓಕೋ-ಟೆಕ್ಸ್ (ಜವಳಿ ಸುರಕ್ಷತೆಯ ಪ್ರಮಾಣಪತ್ರ) ಮಿತಿ 75 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 75 ಭಾಗ. ಕ್ಯೂರಿಂಗ್ ಆದಮೇಲೆ ತೊಳೆಯುವ ಹಂತವನ್ನೇ ನೀವು ಬಿಟ್ಟಿದ್ದೀರಿ ಎಂಬ ಅನುಮಾನ ನಮಗಿದೆ.

ಈ ಲಾಟ್‌ನ ರೆಸಿಪಿ, ಬಟ್ಟೆ ಕಾಯಿಸುವ ಯಂತ್ರವಾದ ಸ್ಟೆಂಟರ್‌ನ ಶಾಖ ಮತ್ತು ವೇಗದ ದಾಖಲೆ, ಐಎಸ್‌ಒ 14184-1 ಪ್ರಕಾರ ಫಾರ್ಮಾಲ್ಡಿಹೈಡ್ ವರದಿ ಕಳಿಸಿ. ಹಾಳಾದ ಶರ್ಟ್‌ಗಳಿಗೆ ಬಟ್ಟೆ, ಹೊಲಿಗೆ ಎರಡರ ನಷ್ಟವನ್ನೂ ಕಟ್ಟಿಕೊಡಬೇಕು. ಉಳಿದ ಬಟ್ಟೆ ವಾಪಸ್ ಒಯ್ಯಿರಿ.

ಮುಂದಿನ ಲಾಟ್‌ಗೆ ಈ ರೆಸಿನ್ ಬದಲು ಫಾರ್ಮಾಲ್ಡಿಹೈಡ್ ಇಲ್ಲದ ಬಿಟಿಸಿಎ ಎಂಬ ಆಮ್ಲ ಬಳಸಿ, ಖರ್ಚು ಹೆಚ್ಚಾದರೆ ಕೂತು ಮಾತಾಡೋಣ. ಅಗ್ಗವೆಂದು ಸಿಟ್ರಿಕ್ ಆಸಿಡ್ ಮಾತ್ರ ಬೇಡ, ಬಿಳಿ ಬಟ್ಟೆ ಹಳದಿ ತಿರುಗುತ್ತದೆ. ಬಲದ ಪರೀಕ್ಷೆಯ ವರದಿ ಕೈಸೇರುವವರೆಗೆ ಹೊಸ ಬಟ್ಟೆ ಕಳಿಸುವುದಿಲ್ಲ.

ಇಂತಿ,
ಉಡುಪು ತಯಾರಿಕಾ ಘಟಕದ ಪರವಾಗಿ