ವೆಸ್ಟ್ ಫೋರ್ಕ್ ನಡಿಗೆಗೆ ಅಕ್ಟೋಬರ್‌ನಿಂದ ಎಲ್ಲರಿಗೂ ಒಂದೇ ವ್ಯಾನು

ಆತ್ಮೀಯರೇ, ನಮಸ್ಕಾರ.

ಅರಿಜೋನಾದ ಸೆಡೋನಾ ಹತ್ತಿರದ ವೆಸ್ಟ್ ಫೋರ್ಕ್ ಕಣಿವೆಗೆ ಇಷ್ಟು ದಿನ ನೀವು ನಿಮ್ಮ ನಿಮ್ಮ ಕಾರಿನಲ್ಲಿ ಬಂದು ಪಾರ್ಕಿಂಗ್‌ನಲ್ಲಿ ನಮ್ಮನ್ನು ಸೇರಿಕೊಳ್ಳುತ್ತಿದ್ದಿರಿ. ಈ ಅಕ್ಟೋಬರ್‌ನಿಂದ ಅದು ಇರುವುದಿಲ್ಲ. ಎಲ್ಲರೂ ಫೀನಿಕ್ಸ್‌ನಿಂದ ನಮ್ಮ ವ್ಯಾನಿನಲ್ಲೇ ಹೊರಡೋಣ. ಅಕ್ಟೋಬರ್‌ನಲ್ಲಿ ಶನಿವಾರ, ಭಾನುವಾರದ ನಡಿಗೆಯನ್ನೂ ನಿಲ್ಲಿಸಿದ್ದೇವೆ. ಮಂಗಳವಾರ, ಬುಧವಾರ ಮಾತ್ರ ಹೋಗುತ್ತೇವೆ.

ಕೆಲಸಕ್ಕೆ ರಜೆ ಹಾಕಬೇಕಾಗುತ್ತದೆ, ಮಕ್ಕಳಿಗೆ ಸ್ಕೂಲು ತಪ್ಪುತ್ತದೆ. ಅದು ಗೊತ್ತಿದ್ದೂ ಹೀಗೆ ಮಾಡುತ್ತಿರುವುದಕ್ಕೆ ಕಾರಣ ಆ ರಸ್ತೆ.

ವೆಸ್ಟ್ ಫೋರ್ಕ್‌ಗೆ ಹೋಗಬೇಕಾದರೆ ಓಕ್ ಕ್ರೀಕ್ ಕಣಿವೆಯೊಳಗೇ ಹೋಗಬೇಕು. ಅಲ್ಲಿಗೆ ಹೋಗುವ 89ಎ ರಸ್ತೆಗೆ ಇರುವುದು ಎರಡೇ ಲೇನು. ನಮ್ಮ ನಡಿಗೆ ಶುರುವಾಗುವ ‘ಕಾಲ್ ಆಫ್ ದಿ ಕ್ಯಾನ್ಯನ್’ ಜಾಗ ಸೆಡೋನಾದಿಂದ ಉತ್ತರಕ್ಕೆ ಸುಮಾರು 10 ಮೈಲಿ. ಅಲ್ಲಿನ ಪಾರ್ಕಿಂಗ್ ಚಿಕ್ಕದು. ಅಕ್ಟೋಬರ್ ಮಧ್ಯದ ಹೊತ್ತಿಗೆ ಮೇಪಲ್ ಎಲೆಗಳು ಕೆಂಪಾಗುತ್ತವೆ, ಆಗ ವಾರಾಂತ್ಯದಲ್ಲಿ ಬೆಳಗ್ಗೆಯೇ ತುಂಬಿಬಿಡುತ್ತದೆ. ಒಂದು ಕಾರು ಹೊರಗೆ ಬಂದರೆ ಮಾತ್ರ ಇನ್ನೊಂದಕ್ಕೆ ಜಾಗ. ಜಾಗ ಸಿಗದವರು ದೂರ ಹೋಗಿ ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ನಡೆದು ಬರುತ್ತಾರೆ. ಊರಿಂದ ಬಂದ ಅಜ್ಜ ಅಜ್ಜಿ ಮೊಮ್ಮಗುವಿನ ಕೈ ಹಿಡಿದು ರಸ್ತೆಯಂಚಿನ ಬಿಳಿ ಗೆರೆ ಮೇಲೆ ನಡೆಯುತ್ತಿರುತ್ತಾರೆ, ತಿರುವಿನಿಂದ ಬಂದ ಕಾರು ಅವರ ಮೈಗೆ ಗಾಳಿ ಬೀಸಿಕೊಂಡು ಹೋಗುತ್ತದೆ. ನಮ್ಮ ಜೊತೆ ಬಂದವರನ್ನು ಇನ್ನು ಹಾಗೆ ನಡೆಸಲು ನಮಗೆ ಮನಸ್ಸಿಲ್ಲ. ಒಂದು ವ್ಯಾನಿಗೆ ಒಂದೇ ಜಾಗ ಸಾಕು, ಅಲ್ವಾ?

ದಾರಿಯೂ ಬದಲಾಗಿದೆ. ಸೆಡೋನಾ ಪೇಟೆಯೊಳಗಿಂದ ಹೋಗುವುದಿಲ್ಲ. ಐ-17 ಹೆದ್ದಾರಿಯಲ್ಲಿ ಉತ್ತರದ ಫ್ಲ್ಯಾಗ್‌ಸ್ಟಾಫ್ ಊರಿನವರೆಗೆ ಹೋಗಿ, ಅಲ್ಲಿಂದ 89ಎ ರಸ್ತೆಯಲ್ಲಿ ಕಣಿವೆಗೆ ಇಳಿಯುತ್ತೇವೆ. ಹೀಗೆ ಬಂದರೆ ಪಾರ್ಕಿಂಗ್ ಬಲಗಡೆ ಸಿಗುತ್ತದೆ, ಎದುರಿನ ಗಾಡಿಗಳನ್ನು ದಾಟಿ ಎಡಕ್ಕೆ ತಿರುಗುವ ಕಷ್ಟ ಇಲ್ಲ. ಇಳಿಯುವಾಗ ಹೇರ್‌ಪಿನ್ ತಿರುವುಗಳಿವೆ. ಚಾರ್ಮಾಡಿ ಘಾಟಿ ಇಳಿದವರಿಗೆ ಇದೇನೂ ಹೊಸದಲ್ಲ. ಆದರೂ ಹೊಟ್ಟೆ ತೊಳಸುವವರು ಮುಂದಿನ ಸೀಟು ಕೇಳಿ ಕೂರಿ.

ಸೆಡೋನಾದ ಬೇರೆ ಹಾದಿಗಳಿಗೆ ಬೇಕಾಗುವ ರೆಡ್ ರಾಕ್ ಪಾಸ್ ಇಲ್ಲಿ ನಡೆಯುವುದಿಲ್ಲ, ಪ್ರವೇಶಕ್ಕೆ ಬೇರೆ ದುಡ್ಡು ಕೊಡಬೇಕು. ಅದು ನಮ್ಮ ದರದಲ್ಲೇ ಸೇರಿದೆ, ನೀವು ಸುಮ್ನೆ ಪಾಸ್ ಕೊಳ್ಳಬೇಡಿ.

ಒಳಗಿನ ನಡಿಗೆ ಮೊದಲಿನಂತೆಯೇ. ಹಾದಿ ಒಂದು ಕಡೆಗೆ ಸುಮಾರು 3.3 ಮೈಲಿ. ಏರು ಹೆಚ್ಚಿಲ್ಲ, ಆದರೆ ಹಳ್ಳವನ್ನು ಸುಮಾರು 13 ಸಲ ದಾಟಬೇಕು. ದಾಟುವುದು ಕಲ್ಲಿನಿಂದ ಕಲ್ಲಿಗೆ. ಕೆಲವು ಕಲ್ಲು ಕಾಲಿಟ್ಟರೆ ಅಲುಗುತ್ತವೆ, ಕೆಲವಕ್ಕೆ ಪಾಚಿ. ಒದ್ದೆಯಾದರೂ ಜಾರದ ಶೂ ಹಾಕಿಕೊಂಡು ಬನ್ನಿ, ಬೇರೆ ಸಾಕ್ಸ್ ಇಟ್ಟುಕೊಳ್ಳಿ. ಊರುಗೋಲು ಬೇಕಾದವರಿಗೆ ನಾವೇ ಕೊಡುತ್ತೇವೆ. ಹಿರಿಯರು ಕೊನೆಯವರೆಗೆ ಬರಲೇಬೇಕು ಅಂತಿಲ್ಲ. ಮೊದಲ ಒಂದೆರಡು ದಾಟುವಿಕೆಯಲ್ಲೇ ಎರಡೂ ಕಡೆ ಬಂಡೆ ಗೋಡೆ ಎದ್ದು ನಿಲ್ಲುತ್ತದೆ, ನೀರಿನ ಸದ್ದು ಜೊತೆಗೇ ಬರುತ್ತದೆ. ಅಲ್ಲೇ ಕೂತು ಬುತ್ತಿ ಬಿಚ್ಚಿದರೂ ಬಂದದ್ದು ಸಾರ್ಥಕ. ಅವರ ಜೊತೆ ನಮ್ಮವರೊಬ್ಬರು ಇರುತ್ತಾರೆ.

ಫೀನಿಕ್ಸ್‌ನಲ್ಲಿ ಸೆಕೆ ಅಂತ ತೆಳು ಅಂಗಿಯಲ್ಲಿ ಬರಬೇಡಿ. ಕಣಿವೆ 5,000 ಅಡಿಗಿಂತ ಎತ್ತರದಲ್ಲಿದೆ, ಬೆಳಗ್ಗೆ ಸ್ವೆಟರ್ ಬೇಕೇ ಬೇಕು. ಜೋರು ಮಳೆಯ ಮುನ್ಸೂಚನೆ ಇದ್ದರೆ ಹೊರಡುವುದಿಲ್ಲ. ಇಕ್ಕಟ್ಟಾದ ಕಣಿವೆ, ಮೇಲೆ ಎಲ್ಲೋ ಸುರಿದ ಮಳೆಗೆ ಇಲ್ಲಿ ಹಳ್ಳ ಏಕಾಏಕಿ ಏರುತ್ತದೆ.

ವಾರಾಂತ್ಯಕ್ಕೆ ಈಗಾಗಲೇ ಬುಕ್ ಮಾಡಿದವರು ದಿನ ಬದಲಿಸಿಕೊಳ್ಳಬಹುದು, ಬೇಡ ಅಂದರೆ ಪೂರ್ತಿ ಹಣ ವಾಪಸ್. ವ್ಯಾನಿನಲ್ಲಿ 12 ಸೀಟು ಇವೆ. ಯಾವ ದಿನ ಬರುತ್ತೀರಿ, ಜೊತೆಗೆ ಹಿರಿಯರು ಮಕ್ಕಳು ಎಷ್ಟು ಜನ, ಈ ಪತ್ರಕ್ಕೆ ಉತ್ತರ ಬರೆದು ತಿಳಿಸಿ.

ಇಂತಿ,
ನಿಮ್ಮ ನಡಿಗೆ ತಂಡ