ಯಾರು ಕೊಟ್ಟರು ಎಂದು ಕೇಳಿದೆಯಲ್ಲ, ಮಗಳೇ

ಪ್ರೀತಿಯ ಪುಟ್ಟಿ,

ಮೊನ್ನೆ ರಾತ್ರಿ ಶಾಲೆಯ ನೋಟ್‌ಪುಸ್ತಕ ಹಿಡಿದು ನನ್ನ ಪಕ್ಕ ಬಂದು ಕುಳಿತೆ. ಕೆಂಪು ಶಾಯಿಯಲ್ಲಿ ‘ಮಕ್ಕಳ ಹಕ್ಕುಗಳು’ ಎಂಬ ತಲೆಬರಹ, ಅದರ ಕೆಳಗೆ ಸ್ಕೇಲಿಟ್ಟು ಎಳೆದ ಎರಡು ಗೆರೆ. ಬದುಕುವ ಹಕ್ಕು, ರಕ್ಷಣೆಯ ಹಕ್ಕು, ವಿಕಾಸದ ಹಕ್ಕು, ಭಾಗವಹಿಸುವ ಹಕ್ಕು ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿ, “ಅಪ್ಪ, ಇವನ್ನೆಲ್ಲ ನಮಗೆ ಕೊಟ್ಟವರು ಯಾರು?” ಎಂದು ಕೇಳಿದೆ. ನಾನು ಮೊಬೈಲ್‌ನಿಂದ ಕಣ್ಣೆತ್ತದೆ “ಸರ್ಕಾರ” ಎಂದುಬಿಟ್ಟೆ. ನೀನು ಅದನ್ನೂ ಬರೆದುಕೊಂಡೆ. ಎರಡು ದಿನದಿಂದ ಆ ಪದ ನನ್ನನ್ನು ಕೊರೆಯುತ್ತಿದೆ. ಅದನ್ನು ಹೊಡೆದುಹಾಕು.

ಯಾರೂ ಕೊಟ್ಟದ್ದಲ್ಲ ಪುಟ್ಟಿ. ನೀನು ಹುಟ್ಟುವಾಗಲೇ ನಿನ್ನ ಜೊತೆ ಬಂದದ್ದು. ದೊಡ್ಡವರು ಮಾಡಿದ್ದು ಅದನ್ನು ಒಪ್ಪಿಕೊಂಡು ಸಹಿ ಹಾಕಿದ್ದಷ್ಟೇ, ಅದೂ ಬಹಳ ತಡವಾಗಿ.

ಎಷ್ಟು ತಡ ಎಂದರೆ, ಮೊದಲನೆಯ ಮಹಾಯುದ್ಧ ನಿಂತ ಮೇಲೂ ಸೋತ ದೇಶಗಳಿಗೆ ಆಹಾರ ಹೋಗದಂತೆ ಗೆದ್ದವರು ತಡೆದಿದ್ದರು. ಅಲ್ಲಿನ ಮಕ್ಕಳು ಹಸಿವಿನಿಂದ ಸೊರಗುತ್ತಿದ್ದರು. 1919ರಲ್ಲಿ ಎಗ್ಲಾಂಟೈನ್ ಜೆಬ್ ಎಂಬ ಇಂಗ್ಲಿಷ್ ಮಹಿಳೆ, ಎಲುಬು ಕಾಣುವ ಆ ಮಕ್ಕಳ ಚಿತ್ರವಿದ್ದ ಕರಪತ್ರಗಳನ್ನು ಲಂಡನ್ನಿನಲ್ಲಿ ಹಂಚಿದರು. ಪೊಲೀಸರು ಬಂಧಿಸಿದರು, ನ್ಯಾಯಾಲಯ ದಂಡ ಹಾಕಿತು. ಅವರ ವಿರುದ್ಧ ವಾದಿಸಿದ ವಕೀಲರೇ ಆ ದಂಡದ ಹಣವನ್ನು ತಮ್ಮ ಕಿಸೆಯಿಂದ ಕೊಟ್ಟರು. ಶತ್ರುವಿನ ಮಗುವೂ ಮಗುವೇ ಎಂಬುದನ್ನು ಒಪ್ಪಿಸಲು ಆಕೆ ಅಷ್ಟು ಪಾಡು ಪಡಬೇಕಾಯಿತು. ಮುಂದೆ ಆಕೆ ಸಿದ್ಧಪಡಿಸಿದ ಐದು ಅಂಶಗಳ ಘೋಷಣೆಯನ್ನು 1924ರಲ್ಲಿ ಜಿನೀವಾದಲ್ಲಿ, ವಿಶ್ವಸಂಸ್ಥೆಗೂ ಮೊದಲಿದ್ದ ದೇಶಗಳ ಕೂಟವಾದ ರಾಷ್ಟ್ರಸಂಘ ಅಂಗೀಕರಿಸಿತು. ಹಸಿದ ಮಗುವಿಗೆ ಊಟ ಸಿಗಬೇಕು, ಸಂಕಟ ಬಂದಾಗ ನೆರವು ಮೊದಲು ಮಗುವಿಗೇ ತಲುಪಬೇಕು ಎಂಬ ಮಾತುಗಳು ಅದರಲ್ಲಿವೆ.

ಅಲ್ಲಿಂದ ಇಂದಿನ ಮಕ್ಕಳ ಹಕ್ಕುಗಳ ಒಡಂಬಡಿಕೆಯವರೆಗೆ, ಅಂದರೆ ದೇಶಗಳು ಸಹಿ ಹಾಕಿ ಒಪ್ಪುವ ಒಪ್ಪಂದದವರೆಗೆ, ಅರವತ್ತೈದು ವರ್ಷ ಹಿಡಿಯಿತು. 1989ರ ನವೆಂಬರ್ 20ರಂದು ವಿಶ್ವಸಂಸ್ಥೆ ಅದನ್ನು ಅಂಗೀಕರಿಸಿತು. ಒಟ್ಟು 54 ಪರಿಚ್ಛೇದಗಳು. 42ನೆಯದನ್ನು ಓದಿ ನನಗೆ ನಾಚಿಕೆಯಾಯಿತು. ಈ ಹಕ್ಕುಗಳು ದೊಡ್ಡವರಿಗೂ ಮಕ್ಕಳಿಗೂ ತಿಳಿಯುವಂತೆ ಮಾಡಬೇಕು ಎನ್ನುತ್ತದೆ ಅದು. ನೀನು ಪಾಠ ಕಲಿತು ಬಂದೆ, ನಾನು ಕಲಿತಿರಲಿಲ್ಲ.

ಈಗ ನನ್ನ ಪಾಠ ಕೇಳು. “ಲೆಕ್ಕ ಮುಗಿಸದಿದ್ದರೆ ಈ ವಾರವೆಲ್ಲ ಆಟ ಬಂದ್” ಎಂದು ಎಷ್ಟು ಬಾರಿ ಗದರಿಲ್ಲ ನಾನು! ಆಟ ನಿನ್ನ ಹಕ್ಕು, 31ನೆಯ ಪರಿಚ್ಛೇದದಲ್ಲಿದೆ. ಲೆಕ್ಕ ಮುಗಿಸು ಎಂದು ನಾನು ಖಂಡಿತ ಹೇಳುತ್ತೇನೆ, ಎಷ್ಟು ಹೊತ್ತಿಗೆ ಆಟ ನಿಲ್ಲಿಸಿ ಮನೆಗೆ ಬರಬೇಕು ಎಂದೂ ಹೇಳುತ್ತೇನೆ. ಆದರೆ ಆಟವನ್ನು ಜಾಣತನಕ್ಕೆ ಕೊಡುವ ಬಹುಮಾನ ಮಾಡಿ, ಸಿಟ್ಟು ಬಂದಾಗ ಕಿತ್ತುಕೊಳ್ಳುವುದಿಲ್ಲ. ಅದು ನಾನು ಕೊಟ್ಟದ್ದೇ ಅಲ್ಲವಲ್ಲ.

ಹೋದ ವರ್ಷ ನಿನ್ನ ಶಾಲೆ ಬದಲಾಯಿಸಿದೆವು. ನಾನು ಮತ್ತು ಅಮ್ಮ ವಾರಗಟ್ಟಲೆ ಚರ್ಚಿಸಿದೆವು, ನಿನಗೆ ತಿಳಿಸಿದ್ದು ಶುಲ್ಕ ಕಟ್ಟಿ ಬಂದ ಮೇಲೆ. ನೀನು ಏನೂ ಹೇಳದೆ ಹಳೆಯ ಶಾಲೆಯ ಗುರುತಿನ ಚೀಟಿಯನ್ನು ದಾರದ ಸಮೇತ ಸುತ್ತಿ ಕಂಪಾಸ್ ಪೆಟ್ಟಿಗೆಯೊಳಗಿಟ್ಟೆ. ಮಗುವಿಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಮಾತು ಕೇಳಬೇಕು, ಅದರ ವಯಸ್ಸಿಗೂ ತಿಳಿವಳಿಕೆಗೂ ತಕ್ಕ ಬೆಲೆ ಕೊಡಬೇಕು ಎನ್ನುತ್ತದೆ 12ನೆಯ ಪರಿಚ್ಛೇದ. ನೀನು ಹೇಳಿದ್ದೆಲ್ಲ ನಡೆಯುತ್ತದೆ ಎಂದು ಅದರ ಅರ್ಥವಲ್ಲ. ಕೇಳಿದ್ದರೂ ನಾವು ಶಾಲೆ ಬದಲಾಯಿಸುತ್ತಿದ್ದೆವೋ ಏನೋ. ಆದರೆ ಕೇಳಬೇಕಿತ್ತು.

ಹಾಗೆ ಮಕ್ಕಳ ಮಾತಿಗೆ ಬೆಲೆ ಕೊಟ್ಟವರೂ ಇದ್ದರು. ಪೋಲೆಂಡಿನಲ್ಲಿ ಯಾನುಷ್ ಕೋರ್ಚಾಕ್ ಎಂಬ ವೈದ್ಯರು ವಾರ್ಸಾ ನಗರದಲ್ಲಿ ಅನಾಥಾಲಯ ನಡೆಸುತ್ತಿದ್ದರು. ಅಲ್ಲಿ ಮಕ್ಕಳದೇ ನ್ಯಾಯಾಲಯವಿತ್ತು, ಮಕ್ಕಳೇ ನ್ಯಾಯಾಧೀಶರು. ತಪ್ಪು ಮಾಡಿದಾಗ ಕೋರ್ಚಾಕ್ ಕೂಡ ಅದರ ಮುಂದೆ ನಿಲ್ಲಬೇಕಾಗಿತ್ತು, ನಿಂತರು. ಅದರ ನಿಯಮಗಳಲ್ಲಿ ಹೆಚ್ಚಿನವು ಕ್ಷಮಿಸುವ ನಿಯಮಗಳೇ. 1942ರಲ್ಲಿ ನಾಜಿಗಳು ಆ ಮಕ್ಕಳನ್ನು ಸಾವಿನ ಶಿಬಿರಕ್ಕೆ ಸಾಗಿಸಿದಾಗ ಕೋರ್ಚಾಕ್ ಮಕ್ಕಳ ಜೊತೆಯಲ್ಲೇ ಹೋದರು. ಮಕ್ಕಳ ಹಕ್ಕುಗಳಿಗೆ ಒಂದು ಒಡಂಬಡಿಕೆ ಬೇಕು ಎಂದು 1978ರಲ್ಲಿ ವಿಶ್ವಸಂಸ್ಥೆಯ ಮುಂದೆ ಪ್ರಸ್ತಾಪ ಇಟ್ಟದ್ದು ಅದೇ ಪೋಲೆಂಡ್.

ರಕ್ಷಣೆಯ ಹಕ್ಕನ್ನು ಬಾಯಿಪಾಠಕ್ಕೆ ಬಿಡಬೇಡ. ಯಾರೇ ಆಗಲಿ, ನಮ್ಮ ಬಂಧುವಾಗಲಿ, ನಿನಗೆ ಪಾಠ ಹೇಳುವವರಾಗಲಿ, ನಿನಗೆ ಇಷ್ಟವಿಲ್ಲದಂತೆ ಮುಟ್ಟಿದರೆ, ಹೊಡೆದರೆ, ‘ಇದನ್ನು ಮನೆಯಲ್ಲಿ ಹೇಳಬೇಡ’ ಎಂದರೆ, ಬಂದು ಹೇಳು. ನಾನು ನಿನ್ನನ್ನೇ ನಂಬುತ್ತೇನೆ. ತಪ್ಪು ನಿನ್ನದಾಗಿರುವುದಿಲ್ಲ. ನಾನು ನಿದ್ದೆಯಲ್ಲಿದ್ದರೆ ಎಬ್ಬಿಸು.

ಇನ್ನೊಂದು. ನಿನ್ನದೇ ವಯಸ್ಸಿನ ಹುಡುಗಿ ಶಾಲೆಯ ಹೊತ್ತಿನಲ್ಲಿ ಬೇರೆಯವರ ಮನೆಯ ಪಾತ್ರೆ ತೊಳೆಯುವುದನ್ನು ಕಂಡರೆ ನಾವು ‘ಪಾಪ’ ಎನ್ನುತ್ತೇವೆ. ನನಗೆ ಆ ಪದ ಸಾಲದು. ನಿನ್ನ ಪುಸ್ತಕದಲ್ಲಿರುವ ನಾಲ್ಕೂ ಹಕ್ಕುಗಳು ಅವಳಿಗೂ ಇವೆ. ಯಾರೋ ಅವನ್ನು ಅವಳಿಂದ ತಡೆದಿಟ್ಟುಕೊಂಡಿದ್ದಾರೆ. ಹಾಗಾಗಿ ಅವಳಿಗೆ ಬೇಕಾದದ್ದು ಕರುಣೆಯಲ್ಲ, ಅವಳ ಬಾಕಿ. ಅಂಥ ಮಗುವನ್ನು ಕಂಡರೆ ನನಗೆ ಹೇಳು, ಸುಮ್ಮನಿರುವುದು ಬೇಡ.

ಕೊನೆಗೆ, ಹೇಳಲು ಕಷ್ಟವಾದದ್ದು. ನಿನ್ನ ಮೇಜಿನ ಖಾನೆಗೆ ಎರಡು ಬೀಗದಕೈಗಳಿದ್ದವು. ಒಂದನ್ನು ನಿನಗೆ ಕೊಟ್ಟು, ಇನ್ನೊಂದನ್ನು ಹೇಳದೆ ನಾನಿಟ್ಟುಕೊಂಡಿದ್ದೆ. ಒಮ್ಮೆ ಖಾನೆ ತೆರೆದು ನಿನ್ನ ದಿನಚರಿಯ ಎರಡು ಪುಟ ಓದಿದೆ. ಮಗುವಿನ ಖಾಸಗಿತನದಲ್ಲಿ ಮನಬಂದಂತೆ ಕೈಹಾಕಬಾರದು ಎಂಬ 16ನೆಯ ಪರಿಚ್ಛೇದ ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿರದಿದ್ದರೂ ಕೈ ನಡುಗಿತ್ತು. ಕ್ಷಮಿಸು ಮಗಳೇ.

ಆ ಎರಡನೆಯ ಬೀಗದಕೈ ಈ ಲಕೋಟೆಯಲ್ಲೇ ಇದೆ. ತೆಗೆದಿಟ್ಟುಕೋ.

ನಿನ್ನ,
ಅಪ್ಪ