ಸಂತೆ ನಡೆದ ವಾರ

ಪ್ರೀತಿಯ ಗೆಳೆಯ,

ನಿಮ್ಮ ಮನೆಯ ತಕ್ಕಡಿ ನಮ್ಮ ಶಾಲೆಗೆ ಬಂದಿದೆ ಮಾರಾಯ. ನಿನ್ನ ಅಪ್ಪನ ಅಂಗಡಿಯಲ್ಲಿ ಬೆಲ್ಲ ತೂಗುತ್ತಿದ್ದ ಅದೇ ಹಿತ್ತಾಳೆ ತಕ್ಕಡಿ. ಅದು ಹೇಗೆ ಬಂತು ಅಂತ ಹೇಳಬೇಕಾದರೆ ಆ ವಾರದ ಕತೆಯನ್ನೇ ಹೇಳಬೇಕು.

ಈ ಸಲ ನವೆಂಬರ್ 14 ಶುಕ್ರವಾರ ಬಂತು. ಮಾರನೇ ದಿನ ತಿಂಗಳ ಮೂರನೇ ಶನಿವಾರ, ಅಂದರೆ ಬ್ಯಾಗ್ ಇಲ್ಲದ ಸಂಭ್ರಮ ಶನಿವಾರ. ಅದೇ ವಾರದ ಶುರುವಿಗೆ, ಸೋಮವಾರ, ಕ್ಲಸ್ಟರ್ ಮಟ್ಟದ ಪ್ರತಿಭಾ ಕಾರಂಜಿ ಇತ್ತು, ಅದೂ ನಮ್ಮ ಶಾಲೆಯಲ್ಲೇ. ನಡುವೆ ಬುಧವಾರ ಮಕ್ಕಳ ಸಂತೆ ಇಟ್ಟುಕೊಂಡೆವು. ಅಡಿಕೆ ಕೊಯ್ಲು ಶುರುವಾದ ಸಮಯ ಇದು, ನಿನಗೆ ಗೊತ್ತಲ್ಲ. ರಾತ್ರಿ ಹನ್ನೊಂದಾದರೂ ಮನೆಮನೆಯಲ್ಲಿ ದೀಪ ಉರಿಯುತ್ತಿರುತ್ತದೆ, ಹೆಂಗಸರು ಸುಲಿಯಲು ಕೂತಿರುತ್ತಾರೆ. ಯಾರು ಬರ್ತಾರೆ ಸಂತೆಗೆ ಅಂತ ನನಗೆ ಚಿಂತೆ ಇತ್ತು.

ಪ್ರತಿಭಾ ಕಾರಂಜಿ ಚೆನ್ನಾಗಿಯೇ ಆಯಿತು. ಕಂಠಪಾಠ, ಅಭಿನಯ ಗೀತೆ, ಕತೆ ಹೇಳುವುದು, ಆಶುಭಾಷಣ, ಎಲ್ಲ ಕೊಠಡಿಯಲ್ಲೂ ಒಂದೊಂದು. ನನಗೆ ಇಷ್ಟವಾಗಿದ್ದು ಕ್ಲೇ ಮಾಡೆಲಿಂಗ್. ಹೊಳೆ ದಂಡೆಯ ಜೇಡಿಮಣ್ಣು ತಂದು ಹುಡುಗನೊಬ್ಬ ಮಲಗಿದ ಎಮ್ಮೆ ಮಾಡಿದ. ಅದರ ಕಿವಿ ಹಿಂದಕ್ಕೆ ಬಿದ್ದಿದ್ದ ರೀತಿ ನೋಡಬೇಕಿತ್ತು ನೀನು. ಛದ್ಮವೇಷದಲ್ಲಿ ಮಾತ್ರ ಮನಸ್ಸಿಗೆ ಬೇಸರವಾಯಿತು. ಪೇಟೆಯಿಂದ ಬಾಡಿಗೆಗೆ ತಂದ ಉಡುಪಿನ ಮುಂದೆ, ಮನೆಯ ಕಂಬಳಿ ಕೊಪ್ಪೆ ಹಾಕಿಕೊಂಡು ಬಂದ ಮಗು ಹಿಂದೆ ಬಿತ್ತು. ಹೀಗಾಗಬಾರದು. ಬಾಡಿಗೆ ಕೊಡಲು ಆಗದ ಅಪ್ಪ ಅಮ್ಮನ ಮುಖ ನಾನು ನೋಡಿದ್ದೇನೆ. ಮುಂದಿನ ವರ್ಷ ನಮ್ಮ ಶಾಲೆಯಿಂದಾದರೂ ಮನೆಯಲ್ಲಿ ಇರುವ ವಸ್ತುವಿನಲ್ಲೇ ವೇಷ ಕಟ್ಟೋಣ ಅಂತ ಟೀಚರ್‌ಗಳೆಲ್ಲ ಮಾತಾಡಿಕೊಂಡೆವು.

ಇನ್ನು ಸಂತೆ. ಮಂಗಳವಾರ ಸಂಜೆ ನಿಮ್ಮ ಮನೆಗೆ ಹೋಗಿದ್ದೆ. ಈಗ ಎಲ್ಲ ಅಂಗಡಿಯಲ್ಲೂ ಎಲೆಕ್ಟ್ರಾನಿಕ್ ತಕ್ಕಡಿ, ಅಂಕಿ ಓದಿದರೆ ಮುಗಿಯಿತು. ಎರಡು ತಟ್ಟೆ ತೂಗಿ ಸಮಕ್ಕೆ ಬರುವುದನ್ನು ನಮ್ಮ ಮಕ್ಕಳಲ್ಲಿ ಎಷ್ಟೋ ಜನ ನೋಡಿಯೇ ಇರಲಿಲ್ಲ. ಅಮ್ಮನಿಗೆ ಹಾಗೆಂದಾಗ ಏನೂ ಮಾತಾಡದೆ ಒಳಗೆ ಹೋದರು. ಅಟ್ಟದಿಂದ ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ, ಫಳಫಳ ಹೊಳೆಯುವ ಹಾಗೆ ಮಾಡಿ ಕೊಟ್ಟರು. ತೂಕದ ಬಟ್ಟುಗಳನ್ನು ಹಳೇ ಪಂಚೆಯ ತುಂಡಿನಲ್ಲಿ ಕಟ್ಟಿದ್ದರು.

ಬುಧವಾರ ಬೆಳಿಗ್ಗೆ ಹತ್ತಕ್ಕೆಲ್ಲ ಅಂಗಳದಲ್ಲಿ ಗೋಣಿಚೀಲ ಹಾಸಿ ಮಕ್ಕಳು ಕೂತರು. ಕೆಸುವಿನ ಗೆಡ್ಡೆ, ಸೂಜಿಮೆಣಸು, ಕಂಚಿಕಾಯಿ, ವೀಳ್ಯದೆಲೆ, ಬಾಳೆಗೊನೆ, ಒಣಗಿಸಿದ ಮುರುಗಲು ಸಿಪ್ಪೆ, ಅಪ್ಪೆಮಿಡಿ ಉಪ್ಪಿನಕಾಯಿ, ಎಲ್ಲ ಮನೆಯದೇ. ಆರನೇ ಕ್ಲಾಸಿನ ಇಬ್ಬರು ಸೇರಿ ಮಂಡಕ್ಕಿ ಮಾಡುತ್ತಿದ್ದರು, ಅಲ್ಲಿ ನೂಕುನುಗ್ಗಲು. ಜನ ಬಂದರು ಕಣೋ! ತೋಟದಿಂದ ಹಾಗೇ ಬಂದವರು, ಕೈಗೆ ಅಡಿಕೆ ಚೊಗರು ಅಂಟಿದ್ದವರು.

ಐದನೇ ಕ್ಲಾಸಿನಲ್ಲಿ ಒಬ್ಬ ಹುಡುಗಿ ಇದ್ದಾಳೆ. ಕಳೆಯುವ ಲೆಕ್ಕ ಕೊಟ್ಟರೆ ಅಳುಮೋರೆ ಮಾಡುತ್ತಾಳೆ. ಪಕ್ಕದ ಮನೆಯಿಂದ ದಶಕ ತಗೋ ಅಂತ ನೂರು ಸಲ ಹೇಳಿಕೊಟ್ಟಿದ್ದೇನೆ. ಅವಳ ಮುಂದೆ ಒಬ್ಬರು ಎಲೆ ಕಟ್ಟು 20, ಸೂಜಿಮೆಣಸು 12, ಕಂಚಿಕಾಯಿ 5 ಅಂತ ತೆಗೆದುಕೊಂಡು ನೂರರ ನೋಟು ಕೊಟ್ಟರು. ನಾನು ಹಿಂದೆಯೇ ನಿಂತಿದ್ದೆ. ಅವಳು ಒಂದು ಕ್ಷಣವೂ ತಡೆಯಲಿಲ್ಲ. ಮೊದಲು ಮೂರು ರೂಪಾಯಿ ಇಟ್ಟು 'ನಲವತ್ತು' ಅಂದಳು. ಹತ್ತು ಇಟ್ಟು 'ಐವತ್ತು' ಅಂದಳು. ಐವತ್ತರ ನೋಟು ಇಟ್ಟು 'ನೂರು' ಅಂದಳು. ಅಷ್ಟೇ.

ನನ್ನ ಎದೆ ಧಸಕ್ ಎಂದಿತು. ನಾನು ಬೋರ್ಡಿನ ಮೇಲೆ ನೂರರಿಂದ ಕೆಳಗೆ ಇಳಿಸುತ್ತಿದ್ದೆ. ಅವಳು ಮೂವತ್ತೇಳರಿಂದ ಮೇಲಕ್ಕೆ ಹತ್ತುತ್ತಿದ್ದಳು. ನಿನ್ನ ಅಪ್ಪ ಚಿಲ್ಲರೆ ಕೊಡುತ್ತಿದ್ದುದೂ ಹೀಗೇ ಅಲ್ವಾ? ನಾವಿಬ್ಬರೂ ಆ ಕಟ್ಟೆ ಮೇಲೆ ಕೂತು ದಿನಾ ನೋಡಿದ್ದೇವೆ. ಗುರುವಾರ ಬೋರ್ಡಿನ ಮೇಲೆ 100ರಲ್ಲಿ 37 ಬರೆದು, 'ಸಂತೆಯಲ್ಲಿ ಹೇಗೆ ಕೊಟ್ಟೆ ಹೇಳು' ಅಂದೆ. ಎದ್ದು ಬಂದು ಇಡೀ ಕ್ಲಾಸಿಗೆ ಹೇಳಿದಳು. ಆಮೇಲೆ ದಶಕದ ಲೆಕ್ಕವನ್ನೂ ಪಕ್ಕದಲ್ಲೇ ಮಾಡಿ ತೋರಿಸಿದೆ. ಎರಡಕ್ಕೂ ಉತ್ತರ 63 ಬಂದಾಗ ಅವಳ ಮುಖ ಅರಳಿತು.

ಮಕ್ಕಳ ದಿನಾಚರಣೆಗೆ ನಾವು ಟೀಚರ್‌ಗಳೇ ಹಾಡಿದೆವು, ಮಕ್ಕಳು ಕೂತು ನೋಡಿದರು. ಮಧ್ಯಾಹ್ನ ಪೋಷಕರ ಸಭೆ. ಆ ಹುಡುಗಿಯ ಅಮ್ಮ ಕೊನೆಯ ಸಾಲಿನಲ್ಲಿ ನಿಂತೇ ಇದ್ದರು. ಮಗಳ ಸಂತೆ ಲೆಕ್ಕದ ಬಗ್ಗೆ ಹೇಳಿದೆ. ಅವರು, 'ನಾನು ಅಡಿಕೆ ಸುಲಿದ ಡಬ್ಬದ ಲೆಕ್ಕ ಬರೆದಿಡೋದು ಇವಳೇ ಸಾರ್, ಒಂದು ರೂಪಾಯಿ ತಪ್ಪಲ್ಲ' ಅಂದರು. ಈ ಮಗು ನನ್ನ ಕ್ಲಾಸಿಗೆ ಬಂದು ಆರು ತಿಂಗಳಾಯಿತು. ಒಂದು ಸಲವೂ ಮನೆಯಲ್ಲಿ ಏನು ಮಾಡ್ತೀಯ ಅಂತ ನಾನು ಕೇಳಿರಲಿಲ್ಲ.

ಶನಿವಾರ ಬ್ಯಾಗ್ ಇಲ್ಲ. ಮಕ್ಕಳನ್ನು ಅಡುಗೆಮನೆಗೆ ಕರೆದುಕೊಂಡು ಹೋದೆ. ನಾವು ಓದುವಾಗ ಶಾಲೆಯಲ್ಲಿ ಹಾಲು ಇರಲಿಲ್ಲ, ಕ್ಷೀರಭಾಗ್ಯ ಬಂದಿದ್ದು 2013ರಲ್ಲಿ. ಒಬ್ಬರಿಗೆ 18 ಗ್ರಾಂ ಹಾಲಿನ ಪುಡಿ, 150 ಮಿಲಿ ಹಾಲು. ಸೋಮವಾರ 47 ಮಕ್ಕಳು ಬಂದರೆ ಎಷ್ಟು ಪುಡಿ ಬೇಕು? ಅಡುಗೆಯವರು ನಗುತ್ತಾ ಕೂತರು, ಉತ್ತರ ಹೇಳಲಿಲ್ಲ. ಮಕ್ಕಳು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು 846 ಗ್ರಾಂ ಅಂದರು. ಆಮೇಲೆ ನಿಮ್ಮ ತಕ್ಕಡಿಯಲ್ಲಿ ತೂಗಿದರು. ಬಟ್ಟುಗಳಲ್ಲಿ 846 ಆಗುವುದಿಲ್ಲವಲ್ಲ! 850ಕ್ಕೆ ಇಟ್ಟು, ಪುಡಿಯ ತಟ್ಟೆ ಸ್ವಲ್ಪ ಮೇಲೇ ನಿಲ್ಲಲಿ ಅಂತ ಒಂದನೇ ಕ್ಲಾಸಿನವರಿಂದ ಏಳನೆಯವರವರೆಗೆ ಸುತ್ತ ಕೂತು ಉಸಿರು ಬಿಗಿಹಿಡಿದು ನೋಡಿದರು.

ತಕ್ಕಡಿ ಈಗ ನಲಿಕಲಿ ಕೊಠಡಿಯ ಕಿಟಕಿಯ ಹತ್ತಿರ ತೂಗುತ್ತಿದೆ. ಇಂಟರ್ವೆಲ್ ಆದರೆ ಸಾಕು, ಕಲ್ಲು, ಹುಣಸೆಬೀಜ, ಪೆನ್ಸಿಲ್ ಎಲ್ಲ ತಂದು ತೂಗುತ್ತಾರೆ. ಅಲ್ಲೇ ಇರಲಿ ಬಿಡು ಅಂತ ಅಮ್ಮ ಹೇಳಿದ್ದಾರೆ. ಆದರೆ ಅದು ಅಪ್ಪನ ಕೈಯಲ್ಲಿ ಇದ್ದ ವಸ್ತು. ನಿನ್ನನ್ನು ಕೇಳದೆ ಇಟ್ಟುಕೊಳ್ಳಲು ನನಗೆ ಮನಸ್ಸಿಲ್ಲ. ಏನಂತೀಯ, ಬರೆ.

ನಿನ್ನ ಗೆಳೆಯ